ಪೀಪಾಯಿಗೆ ವಾಪಸ್ಸು ಸುರಿದದ್ದು

ನಮ್ಮ ಪಬ್ಬಿನ ಬಿಯರನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಹಿಡಿಯಷ್ಟಾಗುತ್ತದೆ. ಹೊಗಳಿದವರಿಗೆ ಅದು ವಿನಯದ ಹಾಗೆ ಕಾಣುತ್ತದೆ. "ಬೆರಿಲ್‌ಗೆ ಒಂಚೂರೂ ಜಂಭ ಇಲ್ಲ ನೋಡು" ಅನ್ನುತ್ತಾರೆ. ಜಂಭ ಎಷ್ಟಿತ್ತು, ಅದು ನನ್ನ ಕೈಯಲ್ಲಿ ಏನು ಮಾಡಿಸಿತು ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ. ಹೇಳಿದರೆ ಹಗುರಾಗುತ್ತದೆ ಎಂಬ ಆಸೆಯೇನೂ ನನಗಿಲ್ಲ.

ಯಾರ್ಕ್‌ಶೈರಿನ ಥಾರ್ನ್‌ಶಾದಲ್ಲಿ ಪ್ಯಾಕ್‌ಹಾರ್ಸ್ ಅಂದರೆ ಮೊದಲು ನಮ್ಮಪ್ಪ ಅರ್ನೆಸ್ಟನ ಪಬ್ಬು, ಆಮೇಲೆ ನನ್ನದು. ಅಪ್ಪ ಸತ್ತಾಗ ನನಗೆ ಮೂವತ್ತನಾಲ್ಕು. ಗಂಡನನ್ನು ಬಿಟ್ಟು ಬಂದಿದ್ದೆ. ಗ್ಲಾಸು ತೊಳೆಯುವುದು, ಕುಡಿದವರನ್ನು ಗದರಿಸಿ ಮನೆಗೆ ಅಟ್ಟುವುದು ಚೆನ್ನಾಗಿ ಗೊತ್ತಿತ್ತು. ನೆಲಮಾಳಿಗೆಯ ಕೆಲಸ ಮಾತ್ರ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಸೆಲ್ವಿನ್ ಅಂಕಲ್. ಅಪ್ಪನ ಕಾಲದಲ್ಲಿ ನಲವತ್ತು ವರ್ಷ ನಮ್ಮ ಪೀಪಾಯಿಗಳನ್ನು ನೋಡಿಕೊಂಡವರು ಅವರೇ.

ನಮ್ಮ ಬಿಯರು ಇಲ್ಲಿಗೆ ಬರುವಾಗ ಇನ್ನೂ ಹಣ್ಣಾಗಿರುವುದಿಲ್ಲ. ಪೀಪಾಯಿಯೊಳಗೆ ಹುದುಗು ಬರಿಸುವ ಯೀಸ್ಟ್ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ಅಡ್ಡಲಾಗಿ ಮಲಗಿಸಬೇಕು, ಅಲುಗದ ಹಾಗೆ ಅಡಿಗೆ ಮರದ ತುಂಡು ಕೊಡಬೇಕು. ಹೊಟ್ಟೆಯ ಮೇಲಿನ ತೂತಿಗೆ ಮೆತ್ತನೆ ಮರದ ಬೆಣೆ ಬಡಿದರೆ ಅದರ ಮೂಲಕ ಪೀಪಾಯಿ ಉಸಿರಾಡುತ್ತದೆ, ನೊರೆ ಉಕ್ಕುತ್ತದೆ. ಉಕ್ಕುವುದು ಇಳಿದ ಮೇಲೆ ಗಟ್ಟಿ ಮರದ ಬೆಣೆ ಬಡಿದು ಉಸಿರು ಕಟ್ಟಬೇಕು. ಕೊಡತಿಯಿಂದ ಒಂದೇ ಪೆಟ್ಟಿಗೆ ನಲ್ಲಿ ಕೂರಿಸಬೇಕು. ಎರಡು ದಿನ ಮುಟ್ಟಬಾರದು. ಗಸಿಯೆಲ್ಲ ತಳಕ್ಕಿಳಿದು ತಿಳಿಯಾದ ಮೇಲೆಯೇ ಮೇಲಿನ ಕೈಪಂಪಿಗೆ ಜೋಡಿಸುವುದು. ಅಲ್ಲಿಂದ ಮೂರು ದಿನದಲ್ಲಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಹುಳಿಯಾಗಿ ಹೋಗುತ್ತದೆ.

"ಬಿಯರ್ ಮಾಡೋನು ಅರ್ಧ ಕೆಲಸ ಮಾಡಿ ಕಳಿಸ್ತಾನೆ ಕಣಮ್ಮ, ಮಿಕ್ಕಿದ್ದು ನಮ್ದು" ಅನ್ನುತ್ತಿದ್ದರು ಸೆಲ್ವಿನ್ ಅಂಕಲ್. "ಅವಸರ ಮಾಡಿದ್ಯೋ, ಕೆಟ್ಟೆ."

ಇನ್ನೆರಡು ಕಟ್ಟಳೆಗಳನ್ನೂ ಅವರೇ ಕಲಿಸಿದ್ದರು. ಯಾರಾದರೂ ಗ್ಲಾಸು ವಾಪಸ್ಸು ತಂದು ಚೆನ್ನಾಗಿಲ್ಲ ಅಂದರೆ ಮರುಮಾತಾಡದೆ ಬದಲಾಯಿಸಿಕೊಡಬೇಕು. ಒಮ್ಮೆ ಪೀಪಾಯಿಯಿಂದ ಹೊರಬಂದ ಬಿಯರು ಏನೇ ಆದರೂ ಮತ್ತೆ ಪೀಪಾಯಿಗೆ ಹೋಗಕೂಡದು.

ನಮ್ಮ ಕಡೆ ಬಿಯರಿನ ಮೇಲೆ ಕೆನೆಯಂಥ ನೊರೆ ನಿಲ್ಲದಿದ್ದರೆ ಜನ ಮುಖ ಸಿಂಡರಿಸುತ್ತಾರೆ. ಆ ನೊರೆ ನಿಲ್ಲಿಸಲು ಗ್ಲಾಸು ತುಂಬಿ ಹೊರಗೆ ಚೆಲ್ಲುವಷ್ಟು ಪಂಪು ಎಳೆಯಬೇಕು. ಚೆಲ್ಲಿದ್ದೆಲ್ಲ ನಮ್ಮ ಬೆರಳ ಮೇಲಿಂದ ಹರಿದು ಕೆಳಗಿನ ತಟ್ಟೆಗೆ ಬೀಳುತ್ತದೆ. ವಾಪಸ್ಸು ಬಂದ ಗ್ಲಾಸುಗಳ ತಳದಲ್ಲಿ ಉಳಿದದ್ದನ್ನೂ ನಾನು ಅದೇ ತಟ್ಟೆಗೆ ಬಗ್ಗಿಸುತ್ತಿದ್ದೆ. ದಿನದ ಕೊನೆಗೆ ಅರ್ಧ ಬಕೆಟ್ ಆಗುತ್ತದೆ. ಎಂಜಲು ಅದು. ಮೋರಿಗೆ ಸುರಿಯಬೇಕಾದದ್ದು.

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಸೀಮೆಯ ಬಿಯರ್ ಪ್ರಿಯರ ಸಂಘದಿಂದ ಕಾಗದ ಬಂತು. ಸುತ್ತಲಿನ ಇಪ್ಪತ್ತೊಂದು ಪಬ್ಬುಗಳಲ್ಲಿ ನಮ್ಮ ಮೈಲ್ಡ್ ಅತ್ಯುತ್ತಮವಂತೆ. ಮೈಲ್ಡ್ ಅಂದರೆ ಕಪ್ಪಗಿನ, ಮೆದುವಾದ ಬಿಯರು. ಗಿರಣಿಯಲ್ಲಿ ದುಡಿದ ಮುದುಕರು ಅದನ್ನೇ ಕುಡಿಯುವುದು. ಶನಿವಾರ ಮಧ್ಯಾಹ್ನ ಬಂದು ಪ್ರಶಸ್ತಿಪತ್ರ ಕೊಡುತ್ತೇವೆ, ಪತ್ರಿಕೆಯವರೂ ಫೋಟೋ ತೆಗೆಯುತ್ತಾರೆ ಎಂದಿತ್ತು. ನಾನು ಆ ಕಾಗದವನ್ನು ಊರಿಗೆಲ್ಲ ತೋರಿಸಿಕೊಂಡು ಬಂದೆ, ಕಟುಕನ ಅಂಗಡಿಯಲ್ಲಿ ಎರಡು ಸಲ.

ಫೋಟೋ ಅಂದಮೇಲೆ ತಲೆಗೂದಲು ಸರಿಯಾಗಬೇಡವೇ? ಬುಧವಾರ ಬಸ್ಸು ಹತ್ತಿ ಪೇಟೆಗೆ ಹೋದೆ, ಕೂದಲು ಗುಂಗುರು ಮಾಡಿಸಿಕೊಂಡೆ, ಒಂದು ನೀಲಿ ಅಂಗಿ ತಂದೆ. ಆವತ್ತು ಹೊಸ ಮೈಲ್ಡ್ ಪೀಪಾಯಿಗೆ ಮೆತ್ತನೆ ಬೆಣೆ ಬಡಿಯಬೇಕಿತ್ತು. ಮರೆತೆ. ಗುರುವಾರವೂ ಕನ್ನಡಿಯ ಮುಂದೆ ತಲೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದರಲ್ಲೇ ಕಳೆಯಿತು. ಶುಕ್ರವಾರ ಮಧ್ಯಾಹ್ನ ನೆಲಮಾಳಿಗೆಗೆ ಇಳಿದಾಗಲೇ ನೆನಪಾದದ್ದು. ಹೊಸ ಪೀಪಾಯಿ ಬಂದ ಹಾಗೇ ಮಲಗಿತ್ತು. ಈಗ ಬೆಣೆ ಬಡಿದರೂ ಭಾನುವಾರದ ತನಕ ಕೆಸರುನೀರು. ಹಳೆಯದರಲ್ಲಿ ಉಳಿದದ್ದು ಹತ್ತು ಹನ್ನೆರಡು ಗ್ಲಾಸಿಗಾಗುವಷ್ಟು.

ಮರ್ಯಾದಸ್ಥರು ಏನು ಮಾಡುತ್ತಾರೆ? "ಇವತ್ತು ಮೈಲ್ಡ್ ಇಲ್ಲ" ಎಂದು ಹಲಗೆಯ ಮೇಲೆ ಬರೆಯುತ್ತಾರೆ. ಮೈಲ್ಡಿಗೇ ಬಹುಮಾನ, ಬಹುಮಾನದ ದಿನ ಮೈಲ್ಡೇ ಇಲ್ಲ! ಊರೆಲ್ಲ ನಗುತ್ತದೆ ಅನ್ನಿಸಿತು. ಬಾಗಿಲು ಮುಚ್ಚಿಕೊಂಡೆ. ಬಕೆಟ್ಟಿನ ಎಂಜಲನ್ನು ಸೋಸುವ ಕಾಗದದಲ್ಲಿ ಎರಡು ಸಲ ಸೋಸಿದೆ. ಆಲಿಕೆ ಇಟ್ಟು ಹಳೆಯ ಪೀಪಾಯಿಯ ಮೇಲಿನ ತೂತಿನಿಂದ ಸುರಿದೆ. ಕಪ್ಪು ಬಿಯರಿನಲ್ಲಿ ಏನು ಬೆರೆಸಿದರೂ ಕಣ್ಣಿಗೆ ಕಾಣುವುದಿಲ್ಲ. ಅದೇ ಮೊದಲ ಸಲ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಆದರೆ ಚಳಿಗಾಲದಲ್ಲಿ ಎರಡು ಸಲ ಮಾಡಿದ್ದೆ. ಆಗ ಸೆಲ್ವಿನ್ ಅಂಕಲ್ ಪಬ್ಬಿಗೆ ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಅವರ ಗಂಟಲಲ್ಲಿ ಗೆಡ್ಡೆಯಾಗಿತ್ತು. ಆಸ್ಪತ್ರೆಯಲ್ಲಿ ಆರು ವಾರ ಕಿರಣ ಹಾಯಿಸಿ ಸುಟ್ಟರು. ಗೆಡ್ಡೆ ಹೋಯಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಏನು ತಿಂದರೂ ರದ್ದಿ ಕಾಗದ ಅಗಿದ ಹಾಗೆ ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ಒಂದು ದಿನ ಪಬ್ಬಿಗೆ ಬಂದು ಒಂದು ಗುಟುಕು ಮೈಲ್ಡ್ ಕುಡಿದವರೇ ಗ್ಲಾಸು ಕೆಳಗಿಟ್ಟು, "ಬಂತು ಕಣೇ ಬೆರಿಲ್! ಬಂತು!" ಎಂದು ಕೂಗಿದರು. ಎಪ್ಪತ್ತಾರು ವರ್ಷದ ಮನುಷ್ಯ ಮಕ್ಕಳ ಹಾಗೆ ಅತ್ತುಬಿಟ್ಟರು. ನಾನೂ ಅತ್ತೆ.

ಶನಿವಾರ ಪಬ್ಬು ತುಂಬಿ ತುಳುಕುತ್ತಿತ್ತು. ಸಂಘದ ಕಾರ್ಯದರ್ಶಿ ಪಿಕರ್ಸ್‌ಗಿಲ್ ಎದೆತುಂಬ ಬಿಲ್ಲೆ ಚುಚ್ಚಿಕೊಂಡು ಬಂದಿದ್ದರು. ಮೈಲ್ಡ್ ಹೀರಿ, ಕಣ್ಣು ಮುಚ್ಚಿ, "ಆಹಾ! ಗುಟುಕಿನ ಹಿಂದೆಯೇ ಸಣ್ಣಗೆ ಹುರಿದ ಬೀಜದ ರುಚಿ" ಎಂದರು. ಅವರ ಹಿಂದಿದ್ದವರೆಲ್ಲ ಹೌದು ಹೌದು, ಬೀಜ ಬೀಜ ಎಂದರು. ನನಗೆ ನಗುವೂ ಬಂತು, ಧೈರ್ಯವೂ ಬಂತು.

ಫೋಟೋ ತೆಗೆಯುವ ಮೊದಲು ಪಿಕರ್ಸ್‌ಗಿಲ್, "ಈ ನೆಲಮಾಳಿಗೆಯ ಗುರುಗಳೂ ಬರಲಿ" ಎಂದರು. ಸೆಲ್ವಿನ್ ಅಂಕಲ್ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಸೊರಗಿದ ಮೈಗೆ ಕೋಟು ದೊಡ್ಡದಾಗಿತ್ತು. ಕೈಪಂಪಿನ ಪಕ್ಕ ನಿಲ್ಲಿಸಿ ಅವರ ಕೈಗೂ ಒಂದು ಗ್ಲಾಸು ಕೊಟ್ಟೆ. ಅವರು ಮೂಸಿದರು. ಒಂದು ಗುಟುಕು ತೆಗೆದುಕೊಂಡರು. ಗ್ಲಾಸನ್ನು ಕಟ್ಟೆಯ ಮೇಲಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮಗಳೇ, ಇದನ್ನ ಈಗ್ಲೇ ನಿಲ್ಸು. ಇದಕ್ಕೆ ಏನೋ ವಾಪಸ್ ಬಿದ್ದಿದೆ. ಪಂಪು ಕೆಟ್ಟಿದೆ ಅಂತ ಹೇಳು, ನಾನೂ ಹೌದು ಅಂತೀನಿ."

ಇಷ್ಟನ್ನೂ ಮೆಲ್ಲಗೆ ಹೇಳಿದರು. ಪಕ್ಕದಲ್ಲಿದ್ದ ಪಿಕರ್ಸ್‌ಗಿಲ್‌ಗೂ ಕೇಳಿಸಲಿಲ್ಲ. ನನ್ನ ಮಾನ ಉಳಿಸುವ ದಾರಿಯನ್ನೂ ಅವರೇ ಯೋಚಿಸಿಕೊಂಡಿದ್ದರು. ನಾನು "ಆಯ್ತು ಅಂಕಲ್" ಅಂದಿದ್ದರೆ ಸಾಕಿತ್ತು.

ನಾನು ದನಿಯೆತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಬಿಯರ್‌ಗೇನೂ ಆಗಿಲ್ಲ ಸೆಲ್ವಿನ್! ಆಗಿರೋದು ನಿಮ್ಮ ಬಾಯಿಗೆ. ಆಸ್ಪತ್ರೆಯವ್ರು ಸುಟ್ಟಿದ್ದಾರಲ್ಲ, ಇನ್ನು ನಿಮಗೆ ಬಿಯರೂ ಒಂದೇ, ಪಾತ್ರೆ ತೊಳೆದ ನೀರೂ ಒಂದೇ!"

ಹುಟ್ಟಿದಾಗಿನಿಂದ ಅಂಕಲ್ ಎಂದು ಕರೆದವಳು ಆವತ್ತು ಬರೀ ಹೆಸರು ಹಿಡಿದು ಕರೆದಿದ್ದೆ. ಆಮೇಲೆ ಬಸ್ ಓಡಿಸುವ ಡೆರಿಕ್, "ಬಿಡಿ ತಾತ, ನಿಮಗಿನ್ನು ಹಾಲು ಬ್ರೆಡ್ಡೇ ಗತಿ" ಎಂದ. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದೇನಲ್ಲ. ನಾನು ಹೇಳಿದ್ದನ್ನು ನಂಬಿ ನಕ್ಕರು, ಅಷ್ಟೇ.

ಸೆಲ್ವಿನ್ ಅಂಕಲ್ ನನ್ನನ್ನೇ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಹೆದರಿಕೊಂಡವರ ಹಾಗೆ ನೋಡಿದರು. "ಹೌದೇನೋ ಕಣಮ್ಮ" ಎಂದರು. "ನೀನು ಹೇಳಿದ ಮೇಲೆ ಹೌದೇನೋ." ಗ್ಲಾಸು ಎತ್ತಿಕೊಂಡು ಆ ಎಂಜಲನ್ನು ಕೊನೆಯ ಹನಿಯ ತನಕ ಕುಡಿದು ಮುಗಿಸಿದರು. ಪತ್ರಿಕೆಯವನು ಆಗಲೇ ಫೋಟೋ ಹೊಡೆದ.

ಅದಾದ ಮೇಲೆ ಅವರು ಬರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ದಿನಾ ಹನ್ನೆರಡೂವರೆಗೆ ಬಂದು ಕಿಟಕಿಯ ಹತ್ತಿರ ಕೂರುತ್ತಿದ್ದರು. "ಏನು ಕೊಡ್ಲಿ ಅಂಕಲ್?" ಎಂದರೆ, "ಯಾವ್ದಾದ್ರೂ ಕೊಡು, ನನಗೆಲ್ಲಾ ಒಂದೇ" ಎನ್ನುತ್ತಿದ್ದರು. ನಾನು ನೆಲಮಾಳಿಗೆಯನ್ನು ಉಜ್ಜಿ ತೊಳೆದೆ. ಕೊಳವೆಗಳನ್ನು ವಾರಕ್ಕೆ ಎರಡು ಸಲ ಶುದ್ಧ ಮಾಡಿದೆ. ಬಕೆಟ್ಟನ್ನು ಎಲ್ಲರೆದುರೇ ಮೋರಿಗೆ ಸುರಿದೆ. ಹೊಸ ಪೀಪಾಯಿಯ ಮೈಲ್ಡ್ ಬಂಗಾರದಂತೆ ಬಂದಿತ್ತು. ಅವರು ಅದನ್ನೂ ಮೂಸದೆ, ನಿಧಾನಿಸದೆ, ಔಷಧಿ ಕುಡಿದ ಹಾಗೆ ಕುಡಿದು ಎದ್ದು ಹೋದರು.

ಆಗಸ್ಟ್‌ನಲ್ಲಿ ಅವರ ಹೆಂಡತಿ ಎಡ್ನಾ ಮೊಟ್ಟೆ ಕೊಡಲು ಬಂದವರು ಹಿತ್ತಿಲ ಬಾಗಿಲಲ್ಲೇ ನಿಂತರು.

"ಬೆರಿಲ್, ಇವ್ರಿಗೆ ಏನಾಗಿದೆ ಅಂತ ನಿಂಗೇನಾದ್ರೂ ಗೊತ್ತಾ?"

"ಯಾಕೆ ಆಂಟಿ?"

"ಬೆಳಿಗ್ಗೆ ಹಾಲು ತಂದು ನನ್ನ ಮೂಗಿಗೆ ಹಿಡೀತಾರೆ. ಕೆಟ್ಟಿದೆಯಾ ನೋಡು ಅಂತಾರೆ. ಮಾಂಸ ಮೂಸಿ ನೋಡು, ಬೆಣ್ಣೆ ಮೂಸಿ ನೋಡು. ಸಾರಿಗೆ ಉಪ್ಪು ಸರೀನಾ ಅಂದ್ರೆ, ನನ್ನ ಯಾಕೆ ಕೇಳ್ತೀಯ ಅಂತ ಎದ್ದು ಹೋಗ್ತಾರೆ. ಏಪ್ರಿಲ್‌ನಲ್ಲಿ ಎಷ್ಟು ಚೆನ್ನಾಗಿದ್ರು! ಈಗ ನೋಡಿದ್ರೆ ಸೆಪ್ಟೆಂಬರ್ ಪ್ರದರ್ಶನಕ್ಕೂ ಬರಲ್ಲ ಅಂತ ಬರೆದು ಕೊಟ್ಟಿದ್ದಾರೆ."

ಪ್ರತಿ ಸೆಪ್ಟೆಂಬರ್ ಊರಿನ ಹೂವು ತರಕಾರಿಗಳ ಪ್ರದರ್ಶನದಲ್ಲಿ ಮನೆಯಲ್ಲಿ ಮಾಡಿದ ಬಿಯರುಗಳ ಪಂದ್ಯ ನಡೆಯುತ್ತದೆ. ಇಪ್ಪತ್ತೆಂಟು ವರ್ಷದಿಂದ ತೀರ್ಪು ಕೊಡುವವರು ಸೆಲ್ವಿನ್ ಅಂಕಲ್. ಎಡ್ನಾ ಹೋದ ಮೇಲೆ ಮೊಟ್ಟೆಯ ಬುಟ್ಟಿ ಹಿಡಿದುಕೊಂಡು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆ ಮನುಷ್ಯನ ನಾಲಿಗೆಯನ್ನು ಆಸ್ಪತ್ರೆ ಆರು ವಾರ ಸುಟ್ಟೂ ಕೊಲ್ಲಲಾಗಿರಲಿಲ್ಲ. ನಾನು ಒಂದೇ ಮಾತಿನಲ್ಲಿ ಕೊಂದಿದ್ದೆ.

ಮರುದಿನ ಬೆಳಿಗ್ಗೆ ಅವರ ತೋಟಕ್ಕೆ ಹೋದೆ. ಕಾಲುವೆಯ ಪಕ್ಕದಲ್ಲಿ ಪಾಲಿಗೆ ಬಂದ ಒಂದು ತುಂಡು ನೆಲ. ಈರುಳ್ಳಿ ಸಾಲಿನಲ್ಲಿ ಕಳೆ ಕೀಳುತ್ತಿದ್ದರು.

"ಅಂಕಲ್, ಆವತ್ತು ನೀವು ಹೇಳಿದ್ದೇ ಸರಿ. ನಾನು ತಟ್ಟೇದನ್ನ ಪೀಪಾಯಿಗೆ ಸುರಿದಿದ್ದೆ."

ಅವರು ತಲೆ ಎತ್ತಲಿಲ್ಲ. "ಎಡ್ನಾ ಬಂದಿದ್ಲಾ ನಿನ್ನ ಹತ್ರ?"

"ಬಂದಿದ್ರು. ಆದ್ರೆ ಅದಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಸುರಿದೆ. ಹೊಸದಕ್ಕೆ ಬೆಣೆ ಹೊಡೆಯೋದು ಮರೆತಿದ್ದೆ, ಅದಕ್ಕೆ."

"ನೋಡಮ್ಮ." ಅವರು ಎದ್ದು ಸೊಂಟಕ್ಕೆ ಕೈ ಕೊಟ್ಟರು. "ಮುದುಕನಿಗೆ ಸಮಾಧಾನ ಮಾಡ್ಬೇಕು ಅಂದ್ರೆ ಒಂದು ಕೇಕ್ ಮಾಡ್ಕೊಂಡು ಬಾ. ಇಂಥ ಮಾತು ಆಡ್ಬೇಡ. ನೀನು ಅರ್ನೆಸ್ಟನ ಮಗಳು. ನನ್ನ ಕೈಲಿ ಕಲಿತವಳು. ಆ ಕೆಲಸ ನೀನು ಮಾಡಲ್ಲ."

"ಮಾಡಿದೆ ಅಂಕಲ್."

"ಮಾಡಲ್ಲ ಅಂದ್ನಲ್ಲ!" ಗದರಿದರು. "ನನ್ನ ಬಾಯಿ ಹೋಯ್ತು, ಒಪ್ಕೊಂಡಿದ್ದೀನಿ. ನೀನು ಇಲ್ದೇ ಇರೋ ಕಳಂಕ ಮೈಮೇಲೆ ಹಾಕ್ಕೊಂಡ್ರೆ ನನ್ನ ಬಾಯಿ ವಾಪಸ್ ಬರತ್ತಾ? ನಡಿ, ಹನ್ನೊಂದಕ್ಕೆ ಬಾಗಿಲು ತೆಗೀಬೇಕು ನೀನು."

ತಪ್ಪು ಒಪ್ಪಿಕೊಳ್ಳಲು ಹೋದವಳಿಗೆ ಒಳ್ಳೆಯವಳು ಅನ್ನಿಸಿಕೊಂಡು ಬರುವ ಗತಿ! ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮಾತಿನಿಂದ ಆಗುವುದಿಲ್ಲ ಅನ್ನುವುದು ಗೊತ್ತಾಯಿತು. ಆ ಕಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಪಬ್ಬು ಮುಚ್ಚಿ ಸಂಜೆ ಮತ್ತೆ ತೆಗೆಯಬೇಕಿತ್ತು. ಮುಂದಿನ ಮಂಗಳವಾರ ಎಲ್ಲರೂ ಹೋದ ಮೇಲೆ ಅವರನ್ನು ತಡೆದೆ. ಪೀಪಾಯಿಯ ನಲ್ಲಿ ಸೋರುತ್ತಿದೆ, ಒಂದು ಸಲ ನೋಡಿ ಎಂದು ಸುಳ್ಳು ಹೇಳಿ ನೆಲಮಾಳಿಗೆಗೆ ಇಳಿಸಿದೆ. ಅಲ್ಲಿ ಹಲಗೆಯ ಮೇಲೆ ಮೂರು ಗ್ಲಾಸು ಇಟ್ಟಿದ್ದೆ. ಎರಡರಲ್ಲಿ ಪೀಪಾಯಿಯಿಂದ ಆಗಷ್ಟೇ ಇಳಿಸಿದ ಮೈಲ್ಡ್. ಒಂದರಲ್ಲಿ ಅದೇ ಮೈಲ್ಡಿಗೆ ಹಿಂದಿನ ದಿನದ ತಟ್ಟೆಯದನ್ನು ಸೋಸಿ ಬೆರೆಸಿದ್ದೆ. ಅದರ ತಳಕ್ಕೆ ಸೀಮೆಸುಣ್ಣದ ಗುರುತು.

"ಏನಮ್ಮ ಇದು ಆಟ?"

"ಒಂದರಲ್ಲಿ ಎಂಜಲಿದೆ. ಯಾವುದು ಹೇಳಿ."

"ನನ್ನ ಕೈಲಾಗಲ್ಲ."

"ಆಗದಿದ್ರೆ ಆಗಲ್ಲ ಅಂತಾನೇ ಗೊತ್ತಾಗ್ಲಿ. ಗುರುತು ಅಡಿಗಿದೆ, ನೋಡ್ಬೇಡಿ. ನಾನೂ ಗೋಡೆ ಕಡೆ ತಿರುಗ್ತೀನಿ. ನೀವೇ ಅದಲು ಬದಲು ಮಾಡ್ಕೊಳ್ಳಿ."

ನಾನು ಗೋಡೆ ಕಡೆ ತಿರುಗಿದೆ. ಆಮೇಲೆ ಹಲಗೆಯ ಮೇಲೆ ಗ್ಲಾಸು ಜರುಗುವ ಸದ್ದು ಕೇಳಿಸಿತು. ಮೂಸುವ ಸದ್ದು. ಗುಟುಕು. ಉಗುಳಿದ ಸದ್ದು.

"ಇದು" ಎಂದರು.

ತಿರುಗಿ ಗ್ಲಾಸು ಎತ್ತಿ ತಳ ತೋರಿಸಿದೆ. ಸೀಮೆಸುಣ್ಣ ಇತ್ತು.

"ಅದೃಷ್ಟ" ಎಂದರು. "ಇನ್ನೊಂದ್ಸಲ."

ಈ ಸಲ ಅವರ ಕಣ್ಣು ಮುಚ್ಚಿಸಿ ನಾನೇ ಅದಲು ಬದಲು ಮಾಡಿ ಗೋಡೆ ಕಡೆ ತಿರುಗಿದೆ, ಆಗಲೂ ಅದೇ ಗ್ಲಾಸು. ಮೂರನೆಯ ಸಲ ಗೋಡೆಗೆ ಮುಖ ಮಾಡಿ ನಿಂತಿದ್ದಾಗ ನನಗೆ ಅವರ ನಗು ಕೇಳಿಸಿತು. ಆ ಶನಿವಾರದಿಂದೀಚೆಗೆ ಅದನ್ನು ಕೇಳಿರಲಿಲ್ಲ. "ಮೂಸಿದ್ರೇನೇ ಗೊತ್ತಾಗತ್ತೆ ಕಣೇ! ಕುಡಿಯೋದೇ ಬೇಡ! ಹಳೇ ಒದ್ದೆ ಬಟ್ಟೆ ವಾಸನೆ, ಆಮೇಲೆ ಹಿಂದೆ ಒಂದು ಹುಳಿ. ಆವತ್ತೂ ಇದೇ ಇತ್ತು, ಥೇಟ್ ಇದೇ..."

ಮಾತು ಅಲ್ಲಿಗೇ ನಿಂತುಹೋಯಿತು.

ನಾನು ತಿರುಗಿದೆ. ಅವರು ಗ್ಲಾಸು ಹಿಡಿದುಕೊಂಡೇ ಖಾಲಿ ಪೀಪಾಯಿಯೊಂದರ ಮೇಲೆ ಕೂತಿದ್ದರು. ಖುಷಿ ಆಗಲೇ ಇಳಿದುಹೋಗಿತ್ತು. ತಮ್ಮ ನಾಲಿಗೆ ಸರಿಯಾಗಿದೆ ಎಂದಮೇಲೆ ಆವತ್ತು ಬಾಯಿಗೆ ಬಂದ ರುಚಿಯೂ ಸರಿಯೇ ಆಯಿತಲ್ಲ. ಈರುಳ್ಳಿ ಸಾಲಿನಲ್ಲಿ ನಾನು ಹೇಳಿದ್ದೂ ನಿಜವೇ ಆಯಿತಲ್ಲ.

"ಹಾಗಾದ್ರೆ ನೀನು ಸುರಿದಿದ್ದೆ" ಎಂದರು.

"ಹೂಂ."

"ಆವತ್ತು ಅಷ್ಟು ಜನರ ಮುಂದೆ ನನಗೆ ಹಾಗೆ ಅಂದಾಗ, ಗೊತ್ತಿತ್ತು ನಿಂಗೆ."

"ಗೊತ್ತಿತ್ತು ಅಂಕಲ್."

ಅವರು ಗ್ಲಾಸನ್ನು ಹಲಗೆಯ ಮೇಲಿಟ್ಟರು.

"ನನ್ನ ನಾಲಿಗೇನೇ ಹೋಗಿದ್ರೆ ಚೆನ್ನಾಗಿತ್ತು ಕಣಮ್ಮ" ಎಂದರು.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಏನಾದರೂ ಹೇಳಲೇಬೇಕಿತ್ತು. "ನಾಳೆ ಮಧ್ಯಾಹ್ನ ಎಲ್ಲರೂ ಇರುವಾಗ ಹೇಳಿಬಿಡ್ತೀನಿ. ಡೆರಿಕ್‌ಗೂ ಹೇಳ್ತೀನಿ. ಆ ಪಿಕರ್ಸ್‌ಗಿಲ್‌ಗೂ ಕಾಗದ ಬರೀತೀನಿ."

ಅವರು ಒಪ್ಪಲಿಲ್ಲ. "ಬೇಡ. ಹೇಳಿದ್ರೆ ನಾಳೆಯಿಂದ ಇಲ್ಲಿ ಯಾರು ಕುಡೀತಾರೆ? ನಿಮ್ಮಪ್ಪ ಕಟ್ಟಿದ ಮನೆ. ನನಗೆ ಬಾಯಿಲ್ಲ ಅಂತ ನಾಲ್ಕು ಜನ ನಕ್ಕರೆ ನಾನೇನು ಕರಗಿ ಹೋಗ್ತೀನಾ? ಅವರು ಹಾಗೇ ಅಂದ್ಕೊಂಡಿರ್ಲಿ."

ಆಗ ನಾನು ಏನನ್ನಬೇಕಿತ್ತು ಅನ್ನುವುದು ನನಗೆ ಗೊತ್ತು. ಇಲ್ಲ ಅಂಕಲ್, ನಾನು ಹೇಳಿಯೇ ತೀರುತ್ತೇನೆ ಅನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅಷ್ಟರಲ್ಲೇ ಎದೆಯೊಳಗಿನಿಂದ ದೊಡ್ಡದೊಂದು ನಿಟ್ಟುಸಿರು ಹೊರಟು ಭುಜಗಳು ತಾವಾಗಿಯೇ ಇಳಿದವು. ಸದ್ಯ ಬದುಕಿದೆ ಅನ್ನಿಸಿತ್ತು ನನಗೆ.

ಅದನ್ನು ಅವರು ನೋಡಿದರು. ನಲವತ್ತು ವರ್ಷ ಪೀಪಾಯಿಗಳ ಉಸಿರು ನೋಡಿದ ಕಣ್ಣುಗಳು ಅವು, ನನ್ನದು ತಿಳಿಯದೆ ಹೋಗುತ್ತದೆಯೇ? ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು. ಕೈ ಕೊಡಲು ನಾನು ಮುಂದೆ ಬಂದಾಗ ಬೇಡ ಎಂದು ತಲೆಯಾಡಿಸಿದರು.